ದಫ್ತರದ ಉರ್ದುವಿನಿಂದ ಗಣಕದ ಕನ್ನಡದವರೆಗೆ

ಗಣಕಯಂತ್ರದ ನಿತ್ಯದ ಕೆಲಸಗಳನ್ನು ಹಗುರಗೊಳಿಸುವ ತಂತ್ರಾಂಶಗಳು ಯಾವುವು ಎಂದು ಇಂದಿನ ಮಕ್ಕಳನ್ನು ಕೇಳಿದರೆ ಉಸಿರು ಬಿಡದೆ ಹತ್ತಾರು ಹೆಸರು ಹೇಳಿಯಾರು. ಚಿತ್ರ ತಿದ್ದಲು ಒಂದು, ಕಡತ ಕುಗ್ಗಿಸಲು ಒಂದು, ಲೆಕ್ಕ ಕೂಡಿಸಲು ಇನ್ನೊಂದು. ಆದರೆ ಸುರಪುರದಂತಹ ಊರಿನಲ್ಲಿ ಬೆಳೆದು, ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸಿ ನಿವೃತ್ತನಾದ ನನ್ನಂಥವನಿಗೆ ಅಂತಹ ಮೊದಲ ಸಾಧನವೆಂದರೆ ಕನ್ನಡದ ಅಕ್ಷರವನ್ನು ಪರದೆಯ ಮೇಲೆ ಮೂಡಿಸಿದ ತಂತ್ರಾಂಶವೇ. ಬರೆಯಲಿಕ್ಕೇ ಬಾರದ ಯಂತ್ರದಲ್ಲಿ ಉಳಿದ ಸೌಲಭ್ಯಗಳು ಎಷ್ಟಿದ್ದರೇನು?

ಈ ಸಾಧನಗಳ ಇತಿಹಾಸವನ್ನು ಬೆಂಗಳೂರಿನ ದೃಷ್ಟಿಯಿಂದ ಬರೆದವರು ಅನೇಕರಿದ್ದಾರೆ. ನಾನು ಅದನ್ನು ನಮ್ಮೂರಿನ ಕಡೆಯಿಂದ ನೋಡಬಯಸುತ್ತೇನೆ. ಏಕೆಂದರೆ ದಾಖಲೆಯೊಂದು ಕೈಯಲ್ಲಿದ್ದೂ ಓದಲು ಬಾರದೆ ಹೋಗುವುದೆಂದರೆ ಏನು ಎಂಬುದು ಸುರಪುರದವರಿಗೆ ಗಣಕಯಂತ್ರ ಬರುವುದಕ್ಕೆ ಬಹಳ ಮೊದಲೇ ತಿಳಿದಿತ್ತು.

ಓದಲಾಗದ ಕಾಗದಗಳು

1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಹೋರಾಟ ಮುಗಿದ ಮೇಲೆ, 1860ರಲ್ಲಿ ಬ್ರಿಟಿಷರು ಸುರಪುರವನ್ನು ಹೈದರಾಬಾದಿನ ನಿಜಾಮರಿಗೆ ಒಪ್ಪಿಸಿದರು. ಹೈದರಾಬಾದಿನ ಕಚೇರಿಗಳಲ್ಲಿ ಆಗ ಪಾರ್ಸಿ ನಡೆಯುತ್ತಿತ್ತು. 1880ರ ದಶಕದಲ್ಲಿ ಪಾರ್ಸಿಯ ಸ್ಥಾನಕ್ಕೆ ಉರ್ದು ಬಂದಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದ ಒಕ್ಕೂಟವನ್ನು ಸೇರಿತು. 1956ರ ನವೆಂಬರ್ 1ರಂದು ನಮ್ಮ ಭಾಗ ವಿಶಾಲ ಮೈಸೂರು ರಾಜ್ಯದೊಳಗೆ ಬಂದಿತು. ಒಂದು ಶತಮಾನದೊಳಗೆ ಕಚೇರಿಯ ಭಾಷೆ, ಲಿಪಿ ಎರಡೂ ಹೀಗೆ ಬದಲಾದವು. ಮನೆಯಲ್ಲಿ ಆಡುವ ಮಾತು ಮಾತ್ರ ಕನ್ನಡವಾಗಿಯೇ ಉಳಿಯಿತು. ದಫ್ತರ, ದಸ್ತಾವೇಜು, ದರಖಾಸ್ತು, ತಕರಾರು, ರಶೀದಿ ಮುಂತಾದ ಮಾತುಗಳು ನಮ್ಮ ಆಡುಮಾತಿನಲ್ಲಿ ಉಳಿದು ಆ ಕಾಲದ ಸಾಕ್ಷಿ ಹೇಳುತ್ತಿವೆ.

ನನ್ನ ಬಾಲ್ಯದಲ್ಲಿ, ಎಂದರೆ ಅರುವತ್ತರ ದಶಕದ ಕೊನೆಯಲ್ಲಿ, ಹೊಲದ ತಕರಾರು ಬಂದಾಗ ಜನ ಟ್ರಂಕಿನ ತಳದಿಂದ ಹಳದಿ ಕಾಗದಗಳನ್ನು ತೆಗೆದು, ಉರ್ದು ಬಲ್ಲ ಹಿರಿಯರೊಬ್ಬರ ಕಟ್ಟೆಗೆ ಹೋಗಿ ಕುಳಿತುಕೊಳ್ಳುತ್ತಿದ್ದರು. ಅವರು ಕನ್ನಡಕ ಸರಿಪಡಿಸಿಕೊಂಡು ಒಂದೊಂದೇ ಸಾಲನ್ನು ಓದಿ ಕನ್ನಡದಲ್ಲಿ ಹೇಳುತ್ತಿದ್ದರು. ಅವರ ತಲೆಮಾರು ತೀರಿದ ಮೇಲೆ ಆ ಕಾಗದಗಳು ಟ್ರಂಕಿನಲ್ಲೇ ಉಳಿದವು. ಉರ್ದು ಇಂದಿಗೂ ನಮ್ಮ ನೆರೆಹೊರೆಯ ಜೀವಂತ ಭಾಷೆ, ನಿಜ. ಆದರೆ ಕಚೇರಿಯ ಗುಮಾಸ್ತರು ಅವಸರದಲ್ಲಿ ಗೀಚುತ್ತಿದ್ದ ಶಿಕಸ್ತಾ ಬರವಣಿಗೆಯನ್ನು ಉರ್ದು ಶಾಲೆಯಲ್ಲಿ ಕಲಿತ ಮಕ್ಕಳೂ ಸಲೀಸಾಗಿ ಓದಲಾರರು. ಕಾಗದಕ್ಕೆ ಗೆದ್ದಲು ಹಿಡಿದಿಲ್ಲ, ಮಸಿ ಮಾಸಿಲ್ಲ. ಆದರೂ ಮೊಮ್ಮಗನ ಪಾಲಿಗೆ ಅಜ್ಜನ ದಸ್ತಾವೇಜು ಮೂಕವಾಯಿತು.

ಇದಕ್ಕೆ ಪ್ರತಿಯಾಗಿ, ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನ ಆತ್ಮಕಥೆಯನ್ನು ನೋಡಿರಿ. 1877ರಲ್ಲಿ ಅಚ್ಚಾದ ಆ ಇಂಗ್ಲಿಷ್ ಪುಸ್ತಕವನ್ನು ಇಂದು ಯಾರು ಬೇಕಾದರೂ ಓದಬಲ್ಲರು. ನಮ್ಮೂರಿನ ಹತ್ತೊಂಬತ್ತನೆಯ ಶತಮಾನದ ಇತಿಹಾಸ ಬರೆಯುವವರು ಮೊದಲು ಕೈಚಾಚುವುದು ಅದಕ್ಕೇ. ಓದಬರುವ ಸಾಕ್ಷಿಯ ಮಾತೇ ಇತಿಹಾಸವಾಗುತ್ತದೆ. ಓದಬಾರದ ಸಾಕ್ಷಿಗಳು ನೂರಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಮುಂದೆ ಹೇಳಲಿರುವ ಗಣಕದ ಕಥೆಗೆ ಈ ಮಾತು ಬೇಕಾಗುತ್ತದೆ, ನೆನಪಿಡಿರಿ.

ಮೇಣದ ಹಾಳೆಯ ಕಾಲ

ಎಂಬತ್ತರ ದಶಕದಲ್ಲಿ ನಾನು ಶಿಕ್ಷಕ ವೃತ್ತಿಗೆ ಸೇರಿದಾಗ ಪ್ರಶ್ನೆಪತ್ರಿಕೆ ಸಿದ್ಧಪಡಿಸುವುದು ಒಂದು ಯಜ್ಞವೇ ಆಗಿತ್ತು. ಮೇಣ ಸವರಿದ ಸ್ಟೆನ್ಸಿಲ್ ಹಾಳೆಯ ಮೇಲೆ ಉಕ್ಕಿನ ಮೊನೆಯ ಲೇಖನಿಯಿಂದ ಬರೆಯಬೇಕು. ಒತ್ತಿ ಬರೆದರೆ ಹಾಳೆ ಹರಿಯುತ್ತದೆ, ಹಗುರವಾಗಿ ಬರೆದರೆ ಅಕ್ಷರ ಮೂಡುವುದಿಲ್ಲ. ಆಮೇಲೆ ಅದನ್ನು ಸೈಕ್ಲೋಸ್ಟೈಲ್ ಯಂತ್ರದ ಉರುಳೆಗೆ ಸುತ್ತಿ, ಮಸಿ ಹಾಕಿ ತಿರುಗಿಸಬೇಕು. ಕೈಗೆ, ಅಂಗಿಗೆ, ಕೆಲವೊಮ್ಮೆ ಮೂಗಿಗೂ ಮಸಿ!

ಕನ್ನಡ ಬೆರಳಚ್ಚು ಯಂತ್ರವೂ ಕಚೇರಿಗಳಲ್ಲಿ ಇತ್ತು. ಆದರೆ ಅದು ತರಬೇತಿ ಪಡೆದವರ ಸೊತ್ತು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಗೆಂದು ಹುಟ್ಟಿದ ಯಂತ್ರದಲ್ಲಿ ನಮ್ಮ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಕೂರಿಸಬೇಕಾಗಿದ್ದರಿಂದ ಅಕ್ಷರವನ್ನು ಚೂರು ಚೂರಾಗಿ ಒಡೆದಿದ್ದರು. ಅಕ್ಷರದ ಒಡಲು ಒಂದು ಕೀಲಿಯಲ್ಲಿ, ತಲೆಕಟ್ಟು ಇನ್ನೊಂದರಲ್ಲಿ, ಒತ್ತು ಮತ್ತೊಂದರಲ್ಲಿ. ಬೆರಳಚ್ಚುಗಾರ ಆ ಚೂರುಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಿದ್ದ. ಕಣ್ಣಿಗೆ ಅಕ್ಷರವಾಗಿ ಕಂಡರೆ ಸಾಕು, ಯಂತ್ರಕ್ಕೆ ಅದು ಅಕ್ಷರವೆಂದು ತಿಳಿಯಬೇಕಾದ ಅಗತ್ಯವಿರಲಿಲ್ಲ. ಕಾಗದದ ಮಟ್ಟಿಗೆ ಈ ಉಪಾಯ ಸರಿಯಾಗಿಯೇ ಇತ್ತು.

ಆರು ಕೀಲಿಗಳಲ್ಲಿ ಸುರಪುರ

ಗಣಕಯಂತ್ರವೂ ಇಂಗ್ಲಿಷ್ ಮಾತ್ರ ಬಲ್ಲ ಯಂತ್ರವಾಗಿಯೇ ಬಂದಿತು. ಅದರೊಳಗೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಎಂಬ ಪಟ್ಟಿಯಲ್ಲಿದ್ದ ಸ್ಥಾನಗಳು 128. ಮುಂದೆ ಅದನ್ನು ಹಿಗ್ಗಿಸಿದಾಗ 256. ಅವುಗಳಲ್ಲಿ ಕನ್ನಡಕ್ಕೆ ಒಂದೂ ಇರಲಿಲ್ಲ. ಭಾರತೀಯ ಭಾಷೆಗಳಿಗಾಗಿ ಸರ್ಕಾರದ ಕಡೆಯಿಂದ 1986ರಲ್ಲಿ ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆಯೂ, ಆ ಬಳಿಕ ಇಸ್ಕಿ ಎಂಬ ಸಂಕೇತಪಟ್ಟಿಯೂ ಬಂದವು. ಆದರೆ ಕನ್ನಡದ ಸಾಮಾನ್ಯ ಬರಹಗಾರನ ಬೆರಳಿಗೆ ಒಗ್ಗಿದ್ದು ಇನ್ನೊಂದು ವಿನ್ಯಾಸ.

ಅದನ್ನು ರೂಪಿಸಿದವರು ದಕ್ಷಿಣ ಕನ್ನಡದ ಕಿನ್ನಿಕಂಬಳದಲ್ಲಿ 1940ರಲ್ಲಿ ಜನಿಸಿದ ಕೆ.ಪಿ. ರಾವ್. ಮುಂಬಯಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಅಚ್ಚುಮೊಳೆಗೆ ಹೆಸರಾದ ಮೊನೋಟೈಪ್ ಸಂಸ್ಥೆಯಲ್ಲಿಯೂ ದುಡಿದವರು. ಅವರು ಮಾಡಿದ ಬಹುದೊಡ್ಡ ಕೆಲಸವೆಂದರೆ ಅಕ್ಷರದ ಆಕಾರವನ್ನು ಬಿಟ್ಟು ಅದರ ಧ್ವನಿಯನ್ನು ಹಿಡಿದದ್ದು. ನಾವು ಶಾಲೆಯಲ್ಲಿ ಹೇಳಿಕೊಡುವುದೂ ಇದನ್ನೇ ಅಲ್ಲವೇ? 'ಕ' ಎಂಬ ಅಕ್ಷರದೊಳಗೆ 'ಅ'ಕಾರ ಸೇರಿಯೇ ಇದೆ. ಬೇರೆ ಸ್ವರ ಬಂದಾಗ ಅದು ಮಾಯವಾಗುತ್ತದೆ. ಸ್ವರವೇ ಬೇಡವೆಂದಾಗ ಅರ್ಧಾಕ್ಷರವಾಗುತ್ತದೆ. ರಾವ್ ಅವರ ಕೀಲಿಮಣೆಯೂ ಹಾಗೆಯೇ. 'ಕೆ' ಒತ್ತಿದರೆ ನೇರವಾಗಿ 'ಕ'. ಎರಡು ವ್ಯಂಜನಗಳನ್ನು ಬೆಸೆಯಲು ನಡುವೆ 'ಎಫ್' ಒತ್ತಬೇಕು. ಅದೇ ಅರ್ಧಾಕ್ಷರದ ಕೊಂಡಿ. 'ಅಕ್ಕ' ಎಂದು ಬರೆಯಲು 'ಎ', 'ಕೆ', 'ಎಫ್', 'ಕೆ' ಎಂಬ ನಾಲ್ಕು ಕೀಲಿ ಸಾಕು.

ನಮ್ಮೂರಿನ ಹೆಸರನ್ನೇ ತೆಗೆದುಕೊಳ್ಳಿ. 'ಎಸ್', 'ಯು', 'ಆರ್', 'ಪಿ', 'ಯು', 'ಆರ್'. ಆರು ಕೀಲಿಗಳಲ್ಲಿ ಸುರಪುರ ಮೂಡಿತು! ಅದನ್ನೇ ಇಂಗ್ಲಿಷ್ ಉಚ್ಚಾರಣೆಯಂತೆ ಅಕ್ಷರ ಕೂಡಿಸಿ ಬರೆದರೆ ಎಂಟು ಬೇಕಾಗುತ್ತವೆ. ಕಾಗುಣಿತ ಚೆನ್ನಾಗಿ ಬಲ್ಲ ಹಳ್ಳಿಯ ಹುಡುಗಿ, ಬೆರಳಚ್ಚು ಪರೀಕ್ಷೆಗೆ ಕೂರದೆಯೇ, ಒಂದು ವಾರದಲ್ಲಿ ಇದನ್ನು ಕಲಿತುಬಿಡುತ್ತಿದ್ದಳು. ನಾನೇ ಕಲಿಸಿ ಕಂಡಿದ್ದೇನೆ. ಹೊಸ ಪಾಠವೇನನ್ನೂ ಬೇಡದೆ, ಮೂರನೆಯ ತರಗತಿಯ ವ್ಯಾಕರಣವನ್ನೇ ಯಂತ್ರಕ್ಕೆ ಕಲಿಸಿದ್ದು ಈ ವಿನ್ಯಾಸದ ಹೆಚ್ಚುಗಾರಿಕೆ.

ಅಂಗಡಿಯಿಂದ ಮೇಜಿಗೆ

ತೊಂಬತ್ತರ ದಶಕದಲ್ಲಿ ಕನ್ನಡ ಗಣಕ ಎಂದರೆ ಡಿ.ಟಿ.ಪಿ. ಅಂಗಡಿ. ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಸಂಸ್ಥೆಯ ಶ್ರೀಲಿಪಿ, ಬೆಂಗಳೂರಿನ ಆಕೃತಿ, ಪ್ರಕಾಶಕ ಮುಂತಾದ ತಂತ್ರಾಂಶಗಳು ಮುದ್ರಣೋದ್ಯಮಕ್ಕೆಂದು ಮಾರಾಟವಾಗುತ್ತಿದ್ದವು. ಅವುಗಳಲ್ಲಿ ಕೆಲವಕ್ಕೆ ಗಣಕದ ಬೆನ್ನಿಗೆ ಸಿಕ್ಕಿಸುವ ಬೀಗವೂ ಇರುತ್ತಿತ್ತು. ಬೀಗವಿಲ್ಲದಿದ್ದರೆ ತಂತ್ರಾಂಶ ತೆರೆಯುವುದಿಲ್ಲ. ಮದುವೆಯ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲವೂ ಅಲ್ಲಿಯೇ ಆಗಬೇಕು. ಮೇಣದ ಹಾಳೆ ತಪ್ಪಿತು. ಆದರೆ ಅಂಗಡಿಯವನ ಪಕ್ಕ ಸ್ಟೂಲಿನ ಮೇಲೆ ಕುಳಿತು 'ಅಲ್ಲಿ ಮಹಾಪ್ರಾಣ, ಇಲ್ಲಿ ದೀರ್ಘ' ಎಂದು ಹೇಳುತ್ತ ಸಂಜೆ ಕಳೆಯುವುದು ತಪ್ಪಲಿಲ್ಲ. ಹಿಂದೆ ಉರ್ದು ಬಲ್ಲವರ ಕಟ್ಟೆಗೆ ಹೋದಂತೆ ಈಗ ಅಂಗಡಿಗೆ ಹೋಗುತ್ತಿದ್ದೆವು, ಅಷ್ಟೇ.

ಈ ಕಟ್ಟನ್ನು ಮುರಿದದ್ದು 'ಬರಹ' ಮತ್ತು 'ನುಡಿ'. ಅಮೆರಿಕದಲ್ಲಿದ್ದ ಕನ್ನಡಿಗ ತಂತ್ರಜ್ಞ ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಬರಹವನ್ನು ಹೊರತಂದು ಉಚಿತವಾಗಿ ಹಂಚಿದರು. ಕೆಲವು ವರ್ಷಗಳಲ್ಲಿ ರಾಜ್ಯ ಸರ್ಕಾರದ ಬೆಂಬಲದೊಂದಿಗೆ ಕನ್ನಡ ಗಣಕ ಪರಿಷತ್ತು ನುಡಿಯನ್ನು ರೂಪಿಸಿತು, ಅದರಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯಿತ್ತು. ಅದೂ ಉಚಿತ. ಹೊಸ ಶತಮಾನದ ಆರಂಭದಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೂ ಗಣಕಯಂತ್ರಗಳು ಬರತೊಡಗಿದ್ದವು. ಒಂದು ಸಿ.ಡಿ. ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ, ಒಬ್ಬ ಮೇಷ್ಟ್ರ ಚೀಲದಿಂದ ಇನ್ನೊಬ್ಬರ ಚೀಲಕ್ಕೆ ಸಾಗುತ್ತ ಇಡೀ ತಾಲ್ಲೂಕು ಸುತ್ತಿತು. ಪ್ರಶ್ನೆಪತ್ರಿಕೆಯನ್ನು ಮೊದಲ ಸಲ ನನ್ನ ಕೈಯಾರೆ ಟೈಪು ಮಾಡಿ, ಮುದ್ರಕದಿಂದ ಬೆಚ್ಚಗಿನ ಹಾಳೆ ಹೊರಬಂದಾಗ ಆದ ಸಂತೋಷವನ್ನು ಮಸಿ ಮೆತ್ತಿದ ಮೂಗಿನವರೇ ಬಲ್ಲರು.

ಇದೇ ಕಾಲದಲ್ಲಿ ರೈತನ ಬದುಕನ್ನು ಮುಟ್ಟಿದ ಇನ್ನೊಂದು ತಂತ್ರಾಂಶ 'ಭೂಮಿ'. ಅದುವರೆಗೆ ಪಹಣಿ ಬೇಕಾದರೆ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಿತ್ತು. ಅವರು ಕೈಯಲ್ಲಿ ಬರೆದುಕೊಡುತ್ತಿದ್ದರು. 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದ್ದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಕನ್ನಡದಲ್ಲಿ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಕೈಬರಹದಲ್ಲಿದ್ದ ತಪ್ಪುಗಳು ಅಚ್ಚಿನಲ್ಲೂ ಮುಂದುವರಿದದ್ದುಂಟು. ತಿದ್ದುಪಡಿಗಾಗಿ ಅಲೆದಾಟವೂ ತಪ್ಪಲಿಲ್ಲ. ಆದರೂ ನಮ್ಮ ಭಾಗದ ರೈತನ ಪಾಲಿಗೆ ಇದರ ಅರ್ಥ ಬೇರೆಯೇ ಆಗಿತ್ತು. ಅಜ್ಜನಿಗೆ ತನ್ನ ಹೊಲದ ಕಾಗದವನ್ನು ಇನ್ನೊಬ್ಬರು ಓದಿ ಹೇಳಬೇಕಾಗಿತ್ತು. ಮೊಮ್ಮಗಳು ಅದನ್ನು ಕಿಟಕಿಯ ಮುಂದೆಯೇ ನಿಂತು ಗಟ್ಟಿಯಾಗಿ ಓದಿದಳು.

ಮತ್ತೆ ಮೂಕವಾದ ಅಕ್ಷರ

ಇಲ್ಲಿಗೆ ಕಥೆ ಮುಗಿದಿದ್ದರೆ ಈ ಲೇಖನವನ್ನು ಬರೆಯುವ ಅಗತ್ಯವೇ ಇರಲಿಲ್ಲ.

ಬರೆಯುವುದನ್ನು ಸುಲಭ ಮಾಡಿದ ಆ ತಂತ್ರಾಂಶಗಳು ಬರೆದದ್ದನ್ನು ಒಳಗೆ ಹೇಗೆ ಇಡುತ್ತಿದ್ದವು ಎಂದು ನೋಡಬೇಕು. ಕೀಲಿಮಣೆ ಧ್ವನಿಯ ತರ್ಕವನ್ನು ಹಿಡಿದಿತ್ತು. ಸಂಗ್ರಹ ಮಾತ್ರ ಹಳೆಯ ಬೆರಳಚ್ಚು ಯಂತ್ರದ ಚೂರುಗಳ ತರ್ಕದಲ್ಲೇ ನಡೆಯಿತು. ಕನ್ನಡಕ್ಕೆ ಸ್ಥಾನವಿಲ್ಲದ 256ರ ಪಟ್ಟಿಯಲ್ಲಿ ಇಂಗ್ಲಿಷ್ ಹಾಗೂ ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳ ಚಿತ್ರ ಬಿಡಿಸಿಟ್ಟರು. ನುಡಿ, ಬರಹಗಳ ಹಳೆಯ ಅಕ್ಷರಶೈಲಿಯಲ್ಲಿ 'ಕನ್ನಡ' ಎಂಬ ಮೂರಕ್ಷರದ ಪದ ಏಳು ಚೂರು: ಮೂರು ಒಡಲು, ಮೂರು ತಲೆಕಟ್ಟು, ಒಂದು ಒತ್ತು. ಅಕ್ಷರಶೈಲಿ ಇದ್ದ ಗಣಕದಲ್ಲಿ ಅದು ಮುದ್ದಾದ ಕನ್ನಡ. ಇಲ್ಲದ ಗಣಕದಲ್ಲಿ ತೆರೆದರೆ 'ಪಿ' ಅಕ್ಷರ, ನೆತ್ತಿಯ ಮೇಲೆ ಗೀಟಿರುವ 'ಎ', ಅದರ ಬೆನ್ನಿಗೆ ಬ್ರಿಟಿಷರ ಪೌಂಡಿನ ಗುರುತು! ಯಂತ್ರದ ಲೆಕ್ಕದಲ್ಲಿ ಅಲ್ಲಿ ಕನ್ನಡ ಎಂದೂ ಇರಲಿಲ್ಲ. ಕನ್ನಡದ ವೇಷ ತೊಟ್ಟ ಯುರೋಪಿನ ಅಕ್ಷರಗಳಿದ್ದವು. ಹುಡುಕಿದರೆ ಸಿಗದು, ಅಕಾರಾದಿಯಾಗಿ ಜೋಡಿಸಿದರೆ ಕೂಡದು. ಶ್ರೀಲಿಪಿಯದು ಒಂದು ಪಟ್ಟಿ, ಆಕೃತಿಯದು ಇನ್ನೊಂದು. ಪ್ರತಿಯೊಂದು ಅನುಕೂಲವೂ ತನ್ನ ಸುತ್ತ ಒಂದೊಂದು ಗೋಡೆ ಕಟ್ಟಿಕೊಂಡಿತ್ತು.

ಇದರ ಬೆಲೆ ಎಷ್ಟೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ತೊಂಬತ್ತರ ದಶಕದ ಕೊನೆಯಲ್ಲಿ ನಾವು ಕೆಲವು ಶಿಕ್ಷಕರು ಮಕ್ಕಳನ್ನು ಕರೆದುಕೊಂಡು ಸುರಪುರ ತಾಲ್ಲೂಕಿನ ಹಿರಿಯರಿಂದ ಹಾಡು, ಒಗಟು, ಹೊಲಗಳ ಹೆಸರು, 1948ರ ದಿನಗಳ ನೆನಪುಗಳನ್ನು ಬರೆದುಕೊಂಡು ಒಂದು ಸ್ಮರಣ ಸಂಚಿಕೆ ತಂದಿದ್ದೆವು. ಅಚ್ಚಾದದ್ದು ಅರ್ಧ ಮಾತ್ರ. ಪುಟಗಳ ಖರ್ಚು ಹೆಚ್ಚಾದೀತೆಂದು ಉಳಿದರ್ಧ ಸಿ.ಡಿ.ಯಲ್ಲೇ ಉಳಿಯಿತು. ಹಲವು ವರ್ಷಗಳ ಮೇಲೆ ಅದನ್ನು ತೆರೆದಾಗ ಪುಟಗಟ್ಟಲೆ ಗೀಟುಗಳೂ ಪೌಂಡಿನ ಗುರುತುಗಳೂ ಕಂಡವು. ಟೈಪು ಮಾಡಿದ ಅಂಗಡಿ ಮುಚ್ಚಿತ್ತು. ಬೀಗ ಸಿಕ್ಕಿಸಿ ತೆರೆಯುವ ಆ ತಂತ್ರಾಂಶವೂ ಅಂಗಡಿಯೊಂದಿಗೇ ಹೋಗಿತ್ತು. ಮಾತು ಹೇಳಿದ ಹಿರಿಯರಲ್ಲಿ ಬಹುಪಾಲು ಜನ ಅಷ್ಟರಲ್ಲಿ ತೀರಿಕೊಂಡಿದ್ದರು. ಶಿಕಸ್ತಾ ಬರಹದ ದಸ್ತಾವೇಜು ಮೂಕವಾಗಲು ಎರಡು ತಲೆಮಾರು ಹಿಡಿದಿತ್ತು. ಗಣಕದ ಕನ್ನಡ ಮೂಕವಾಗಲು ಹದಿನೈದು ವರ್ಷ ಸಾಕಾಯಿತು.

ಒಪ್ಪಂದವೆಂಬ ಸೌಲಭ್ಯ

ಪರಿಹಾರ ಬಂದದ್ದು ಮತ್ತೊಂದು ಚುರುಕಾದ ತಂತ್ರಾಂಶದ ರೂಪದಲ್ಲಿ ಅಲ್ಲ, ಒಂದು ಒಪ್ಪಂದದ ರೂಪದಲ್ಲಿ. ಅದೇ ಯೂನಿಕೋಡ್. ಜಗತ್ತಿನ ಪ್ರತಿಯೊಂದು ಲಿಪಿಗೂ ಅದರದೇ ಸ್ಥಾನ ಕೊಡುವ ಈ ಪಟ್ಟಿಯ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ಕೇರಿ ಮೀಸಲಾಗಿತ್ತು. ಇಲ್ಲಿ ಇಡುವುದು ಚೂರುಗಳನ್ನಲ್ಲ, ಅಕ್ಷರಗಳನ್ನು. 'ಕನ್ನಡ' ಎಂಬುದು ಕ, ನ, ಅರ್ಧಾಕ್ಷರದ ಕೊಂಡಿ, ನ, ಡ ಎಂಬ ಐದು ಸಂಖ್ಯೆ. ಸುರಪುರ ಆರು ಸಂಖ್ಯೆ; ರಾವ್ ಅವರ ಕೀಲಿಮಣೆಯಲ್ಲಿ ಒತ್ತಿದ ಆರು ಕೀಲಿಗಳ ಅದೇ ಕ್ರಮ. ಕಾಗುಣಿತದ ತರ್ಕ ಕೊನೆಗೂ ಬೆರಳ ತುದಿಯಿಂದ ಯಂತ್ರದ ಒಳಮನೆಗೆ ಹೋಯಿತು.

ಪಟ್ಟಿ ಇದ್ದ ಮಾತ್ರಕ್ಕೆ ಕೆಲಸ ಆಗಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಅಕ್ಷರಶೈಲಿಯೊಡನೆ ಯೂನಿಕೋಡ್ ಕನ್ನಡ ಸೇರಿತ್ತಾದರೂ ಅದನ್ನು ಬಳಕೆಗೆ ತಂದುಕೊಂಡವರು ಕಡಿಮೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಆ ಹಾದಿಯಲ್ಲಿ ಸಾಗಿತು. ಪೂರ್ಣಚಂದ್ರ ತೇಜಸ್ವಿಯವರಂತಹ ಸಾಹಿತಿಗಳು ಗಣಕದಲ್ಲಿ ಕನ್ನಡಕ್ಕೆ ಏಕರೂಪತೆ ಬೇಕೆಂದು ಒತ್ತಾಯಿಸಿದರು. ಮುಂದೆ ರಾಜ್ಯ ಸರ್ಕಾರವೂ ಯೂನಿಕೋಡನ್ನು ಶಿಷ್ಟತೆಯೆಂದು ಒಪ್ಪಿತು. ನುಡಿ, ಬರಹಗಳೂ ಅದಕ್ಕೆ ಹೊಂದಿಕೊಂಡವು. ಆಮೇಲೆ ನಡೆದದ್ದನ್ನು ನೀವೇ ಬಲ್ಲಿರಿ. ಕೈಫೋನಿನಲ್ಲಿ ಕನ್ನಡ ಬಂದಿತು. 2017ರಲ್ಲಿ ಗೂಗಲ್ ಸಂಸ್ಥೆ ಧ್ವನಿಯಿಂದ ಟೈಪಿಸುವ ಸೌಲಭ್ಯವನ್ನು ಭಾರತದ ಇನ್ನೂ ಎಂಟು ಭಾಷೆಗಳಿಗೆ ವಿಸ್ತರಿಸಿತು. ಆ ಎಂಟರಲ್ಲಿ ಕನ್ನಡವೂ ಇತ್ತು, ಉರ್ದುವೂ ಇತ್ತು. ನಮ್ಮೂರಿನ ಕಚೇರಿಗಳಲ್ಲಿ ಒಂದರ ಜಾಗಕ್ಕೆ ಒಂದು ಬಂದ ಆ ಎರಡು ಭಾಷೆಗಳು ಈಗ ಒಂದೇ ಕೈಫೋನಿನಲ್ಲಿ ಜಗಳವಿಲ್ಲದೆ ಕುಳಿತಿವೆ. ಹೆಬ್ಬೆಟ್ಟು ಒತ್ತುವ ಅಜ್ಜಿಯೂ ಮೊಮ್ಮಗನಿಗೆ ಮಾತಾಡಿಯೇ ಕಾಗದ ಬರೆಯಬಲ್ಲಳು.

ಹಳೆಯ ಕಡತಗಳ ಗತಿಯೇನು? ಅದಕ್ಕೂ ಪರಿವರ್ತಕ ತಂತ್ರಾಂಶಗಳಿವೆ. ಕನ್ನಡದ ತರುಣ ತಂತ್ರಜ್ಞರು ತಮ್ಮ ಬಿಡುವಿನಲ್ಲಿ ಅವುಗಳನ್ನು ಬರೆದು ಉಚಿತವಾಗಿ ಕೊಟ್ಟಿದ್ದಾರೆ. ಕೆಲಸ ಮೇಲ್ನೋಟಕ್ಕೆ ಕಂಡಷ್ಟು ಸುಲಭವಲ್ಲ. 'ಸೂರ್ಯ' ಎಂಬ ಪದವನ್ನು ನೋಡಿ. ಉಚ್ಚಾರದಲ್ಲಿ ರಕಾರ ಮೊದಲು, ಯಕಾರ ಆಮೇಲೆ. ಬರವಣಿಗೆಯಲ್ಲಿ ಯಕಾರ ಮೊದಲು, ಅರ್ಕಾವೊತ್ತು ಆಮೇಲೆ. ಚೂರುಗಳನ್ನು ಕಂಡ ಕ್ರಮದಲ್ಲಿ ಇಟ್ಟ ಹಳೆಯ ಕಡತದಿಂದ ಉಚ್ಚಾರದ ಕ್ರಮಕ್ಕೆ ತರಬೇಕಾದರೆ ತಂತ್ರಾಂಶ ಅರ್ಕಾವೊತ್ತನ್ನು ಹೆಕ್ಕಿ ತೆಗೆದು ಮುಂದಕ್ಕೆ ಕೂರಿಸಬೇಕು. ನಮ್ಮ ಸ್ಮರಣ ಸಂಚಿಕೆಯ ಉಳಿದರ್ಧದಲ್ಲಿ ಒಂದಷ್ಟು ಭಾಗ ಹೀಗೆ ಮರಳಿ ಓದುವಂತಾಯಿತು. ಅಲ್ಲಲ್ಲಿ ಒತ್ತು ತಪ್ಪಿ, ದೀರ್ಘ ಹಾರಿಹೋಗಿದ್ದರೂ ತಿದ್ದಿಕೊಳ್ಳಬಹುದು. ನನಗಂತೂ ಕೆಂಪು ಮಸಿಯ ಅಭ್ಯಾಸ ಇದ್ದೇ ಇದೆಯಲ್ಲ! ಉಳಿದ ಭಾಗ, ಸಿ.ಡಿ.ಯೇ ಕೆಟ್ಟುಹೋದ್ದರಿಂದ, ಬರಲಿಲ್ಲ. 1948ರ ನೆನಪುಗಳು ಇದ್ದದ್ದು ಆ ಭಾಗದಲ್ಲಿ.

ಇಷ್ಟನ್ನೂ ನೋಡಿದ ಮೇಲೆ ನನಗೆ ಅನ್ನಿಸುವುದಿದು. ಇಂದಿನ ಕೆಲಸವನ್ನು ಹಗುರ ಮಾಡುವ ಸಾಧನವನ್ನು ಒಬ್ಬ ಪ್ರತಿಭಾವಂತ ರೂಪಿಸಬಲ್ಲ. ಆದರೆ ಇಂದು ಬರೆದದ್ದನ್ನು ನಾಳೆ ಓದುವಂತಾಗಲು ಎಲ್ಲರೂ ಕೂಡಿ ಒಪ್ಪಿದ ಒಂದು ಪಟ್ಟಿ ಬೇಕು. ಮೊದಲನೆಯದರ ಲಾಭ ಕೂಡಲೇ ಕಾಣುತ್ತದೆ, ಆದ್ದರಿಂದ ಎಲ್ಲರೂ ಹೊಗಳುತ್ತೇವೆ. ಎರಡನೆಯದರ ಬೆಲೆ ಅದು ಇಲ್ಲದಾಗ ಮಾತ್ರ ತಿಳಿಯುತ್ತದೆ.

ಆದ್ದರಿಂದ, ವಿಶೇಷವಾಗಿ ನನ್ನ ವಯಸ್ಸಿನ ಶಿಕ್ಷಕ ಮಿತ್ರರಲ್ಲಿ, ಸಂಘಸಂಸ್ಥೆಗಳ ಕಾರ್ಯದರ್ಶಿಗಳಲ್ಲಿ, ಡಿ.ಟಿ.ಪಿ. ಅಂಗಡಿ ನಡೆಸಿದವರಲ್ಲಿ ಒಂದು ವಿನಂತಿ. ಕಪಾಟಿನಲ್ಲಿ 1995ರಿಂದ 2010ರ ನಡುವಿನ ಸಿ.ಡಿ., ಫ್ಲಾಪಿಗಳಿದ್ದರೆ ಹೊರತೆಗೆಯಿರಿ. ಯಾವ ತಂತ್ರಾಂಶದಲ್ಲಿ, ಯಾವ ಅಕ್ಷರಶೈಲಿಯಲ್ಲಿ ಬರೆದದ್ದೆಂದು ನೆನಪಿರುವಾಗಲೇ ಒಂದು ಚೀಟಿಯಲ್ಲಿ ಬರೆದಿಡಿರಿ. ಪರಿವರ್ತಿಸುವವರಿಗೆ ಮೊದಲು ಬೇಕಾದದ್ದು ಆ ಮಾಹಿತಿ. ಯೂನಿಕೋಡಿಗೆ ತಂದು ಎರಡು ಕಡೆ ಪ್ರತಿ ಇಡಿರಿ, ಒಂದು ಪ್ರತಿಯನ್ನು ಕಾಗದದ ಮೇಲೂ ಅಚ್ಚು ಮಾಡಿಸಿರಿ. ಟ್ರಂಕಿನಲ್ಲಿ ಉರ್ದು ದಸ್ತಾವೇಜುಗಳಿದ್ದರೆ ಅವುಗಳ ಚಿತ್ರ ತೆಗೆದು, ಓದಬಲ್ಲ ಹಿರಿಯರು ಊರಿನಲ್ಲಿ ಇರುವಾಗಲೇ ಓದಿಸಿ ಕನ್ನಡದಲ್ಲಿ ಬರೆದುಕೊಳ್ಳಿರಿ. ಶಾಲೆಗಳಿಗೆ ರಜೆ ಬಂದಾಗ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿರಿ. ಆರು ಕೀಲಿ ಒತ್ತಲು ಅವರಿಗೆ ನಾವು ಹೇಳಿಕೊಡಬೇಕಾಗಿಲ್ಲ; ಏನನ್ನು ಬರೆದಿಡಬೇಕೆಂಬುದನ್ನು ಮಾತ್ರ ನಾವೇ ಹೇಳಬೇಕು.